ಪುಣೆಯಲ್ಲಿ ಮನೆಗೆ ಇಂಟರ್ನೆಟ್: ಫೈಬರ್ ಹಾಕಿಸೋದಾ, ಏರ್‌ಫೈಬರ್ ಸಾಕಾ?

ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಬಂದು ವಾಕಡ್, ಹಿಂಜವಡಿ ಕಡೆ ಮನೆ ಹಿಡಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ನಾನು ಹೇಳೋದು ಒಂದೇ: ಕಂಪನಿ ಆಮೇಲೆ ನೋಡಿ, ಮೊದಲು ನಿಮ್ಮ ಸೊಸೈಟಿ ನೋಡಿ.

ಇಲ್ಲಿ ಅಪಾರ್ಟ್‌ಮೆಂಟ್ ಸಂಘಕ್ಕೆ ಸೊಸೈಟಿ ಅಂತಾರೆ. ಯಾರ ಕೇಬಲ್ ಒಳಗೆ ಬರಬೇಕು ಅನ್ನೋದು ಬಹುತೇಕ ಅದರ ಕಮಿಟಿಯ ಕೈಯಲ್ಲಿದೆ. ನಿಮ್ಮ ಏರಿಯಾಕ್ಕೆ ಫೈಬರ್ ಬಂದಿದೆ ಎಂದು ಆ್ಯಪ್ ತೋರಿಸಬಹುದು. ಆದರೆ ನಿಮ್ಮ ವಿಂಗ್‌ಗೆ, ಅಂದರೆ ಸೊಸೈಟಿಯೊಳಗಿನ ನಿಮ್ಮ ಕಟ್ಟಡಕ್ಕೆ, ಕೇಬಲ್ ಎಳೆದೇ ಇಲ್ಲದಿರಬಹುದು. ಆದ್ದರಿಂದ ಮನೆಗೆ ಡಿಪಾಸಿಟ್ ಕೊಡುವ ಮುಂಚೆಯೇ ಅದೇ ಮಹಡಿಯವರನ್ನು ಕೇಳಿ: ಯಾವ ಕನೆಕ್ಷನ್ ಇದೆ, ಹೋದರೆ ಎಷ್ಟು ಹೊತ್ತಿಗೆ ಸರಿಯಾಗುತ್ತದೆ? ಈ ಎರಡನೇ ಪ್ರಶ್ನೆ ಬಹಳ ಮುಖ್ಯ.

ಕಟ್ಟಡದೊಳಗೆ ಫೈಬರ್ ಬಂದಿದ್ದರೆ ಯೋಚನೆ ಮಾಡಬೇಡಿ, ಅದನ್ನೇ ತೆಗೆದುಕೊಳ್ಳಿ. ಮನೆಯಿಂದ ಕೆಲಸ ಮಾಡುವವರಿಗಂತೂ ಬೇರೆ ಮಾತಿಲ್ಲ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯೋದು ಡೌನ್‌ಲೋಡ್ ವೇಗ. ಮೀಟಿಂಗ್‌ನಲ್ಲಿ ನಿಮ್ಮ ಮುಖ, ದನಿ ಆಚೆ ಕಡೆಗೆ ಸರಿಯಾಗಿ ಹೋಗಬೇಕಾದರೆ ಬೇಕಾಗೋದು ಅಪ್‌ಲೋಡ್. ಫೈಬರ್‌ನಲ್ಲಿ ಎರಡೂ ಹೆಚ್ಚು ಕಡಿಮೆ ಸಮ ಇರುತ್ತವೆ. ಏರ್‌ಫೈಬರ್‌ನಂಥ ವೈರ್‌ಲೆಸ್‌ನಲ್ಲಿ ಅಪ್‌ಲೋಡ್ ತುಂಬ ಕಡಿಮೆ.

ಏರ್‌ಫೈಬರ್ ಅನ್ನೋ ಹೆಸರು ಕೇಳಿ ಅದೂ ಫೈಬರ್ ಅಂದುಕೊಳ್ಳುವವರು ಜಾಸ್ತಿ. ನಿಮ್ಮ ಮನೆಗೆ ಬರೋದು ಮೊಬೈಲ್ ಟವರಿನ 5ಜಿ ಸಿಗ್ನಲ್, ಅಷ್ಟೇ. 2023ರ ಸೆಪ್ಟೆಂಬರ್‌ನಲ್ಲಿ ಜಿಯೋ ಇದನ್ನು ಮೊದಲು ಶುರು ಮಾಡಿದ ಎಂಟು ನಗರಗಳಲ್ಲಿ ಪುಣೆ, ಮುಂಬೈ ಎರಡೂ ಇದ್ದವು. ಟವರನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳುವುದರಿಂದ ರಾತ್ರಿ ಊಟದ ಹೊತ್ತಿಗೆ ವೇಗ ಇಳಿಯಬಹುದು. ಹಾಕಿಸುವ ಮುಂಚೆ ಅದೇ ಕಂಪನಿಯ ಸಿಮ್ ಇರುವ 5ಜಿ ಫೋನ್ ಹಿಡಿದು, ಕಿಟಕಿ ಹತ್ತಿರ ನಿಂತು, ರಾತ್ರಿ ಒಂಬತ್ತಕ್ಕೆ ಸ್ಪೀಡ್ ಟೆಸ್ಟ್ ಮಾಡಿ. ಎರಡು ಮೂರು ರಾತ್ರಿ ಮಾಡಿದರೆ ಒಳ್ಳೆಯದು. ಸಿಗ್ನಲ್ ಹಿಡಿಯುವ ಡಬ್ಬಿಯನ್ನು ಟೆರೇಸ್ ಮೇಲೆ ಕೂರಿಸಬೇಕಾದರೆ ಅದಕ್ಕೂ ಸೊಸೈಟಿಯ ಅನುಮತಿ ಬೇಕು. ಡೇಟಾ ಮಿತಿಯನ್ನೂ ನೋಡಿಕೊಳ್ಳಿ. ಜಿಯೋದ ಸಾಮಾನ್ಯ ಪ್ಲಾನ್‌ಗಳಲ್ಲಿ ತಿಂಗಳಿಗೆ ಫೈಬರ್‌ಗೆ 3300 ಜಿಬಿ, ಏರ್‌ಫೈಬರ್‌ಗೆ 1000 ಜಿಬಿ. ಇಬ್ಬರಿಗೆ ಅಷ್ಟು ಧಾರಾಳ ಸಾಕು.

ಹಾಗಾದರೆ ಏರ್‌ಫೈಬರ್ ಯಾರಿಗೆ? ಫೈಬರ್ ಮುಟ್ಟದ ಕಟ್ಟಡದವರಿಗೆ, ಮತ್ತೆ ಬೇಗ ಮನೆ ಬದಲಿಸುವವರಿಗೆ. ಇಲ್ಲಿ ಬಾಡಿಗೆ ಕರಾರು, ಅಂದರೆ ಲೀವ್ ಅಂಡ್ ಲೈಸೆನ್ಸ್, ಹೆಚ್ಚಾಗಿ ಹನ್ನೊಂದು ತಿಂಗಳದ್ದು. ನಾನು ರಿಯಾಯಿತಿ ಸಿಗುತ್ತದೆಂದು ಒಂದು ವರ್ಷದ ಫೈಬರ್ ದುಡ್ಡನ್ನು ಒಟ್ಟಿಗೇ ಕಟ್ಟಿದ್ದೆ. ಆರನೇ ತಿಂಗಳಲ್ಲೇ ಮನೆ ಬಿಡಬೇಕಾಯಿತು. ಹೊಸ ಸೊಸೈಟಿಯಲ್ಲಿ ಆ ಕಂಪನಿಯ ಕೇಬಲ್ ಇರಲಿಲ್ಲ, ಉಳಿದ ದುಡ್ಡು ವಾಪಸ್ ಬರಲಿಲ್ಲ. ದಯವಿಟ್ಟು ಮೊದಲ ವರ್ಷ ತಿಂಗಳಿಗೋ ಮೂರು ತಿಂಗಳಿಗೋ ಕಟ್ಟಿ. ಹೇಳಿದ ಬೆಲೆಗೆ 18% ಜಿಎಸ್‌ಟಿ ಸೇರಿದೆಯಾ ಎಂದೂ ಕೇಳಿ.

ಯಾವುದೇ ತೆಗೆದುಕೊಂಡರೂ ರೂಟರ್‌ಗೆ ಒಂದು ಮಿನಿ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಅದನ್ನು ನಡೆಸುವ ಸಣ್ಣ ಬ್ಯಾಟರಿ, ಇರಲಿ. ಪುಣೆಯಲ್ಲಿ ರಿಪೇರಿಗೆಂದು ಕರೆಂಟ್ ತೆಗೆಯೋದು ಹೆಚ್ಚಾಗಿ ಗುರುವಾರ. ಅವತ್ತು ಬೆಳಿಗ್ಗೆ ಮೀಟಿಂಗ್ ಇದ್ದರೆ ಮೊದಲೇ ಚಾರ್ಜ್ ಇದೆಯಾ ನೋಡಿಕೊಳ್ಳಿ.

ಕನೆಕ್ಷನ್ ಹೋದಾಗ ಕಂಪ್ಲೇಂಟ್ ಕೊಟ್ಟು ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸೋದಿಲ್ಲ. ಆದರೆ ಅದರ 2012ರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕು. ಕಾಲ್ ಸೆಂಟರ್ ಕೈಚೆಲ್ಲಿದರೆ ಅಲ್ಲಿಗೆ ಹೋಗಬಹುದು, 39 ದಿನದೊಳಗೆ ಅವರು ತೀರ್ಮಾನ ಕೊಡಬೇಕು. ಡಾಕೆಟ್ ನಂಬರ್ ಇಲ್ಲದೆ ಆ ದಾರಿ ತೆರೆಯೋದಿಲ್ಲ.

ಫೈಬರ್ ಡಬ್ಬಿಯಲ್ಲಿ ಲಾಸ್ (LOS, ಅಂದರೆ ಸಿಗ್ನಲ್ ಬರುತ್ತಿಲ್ಲ) ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ರೂಟರ್ ಆಫ್ ಆನ್ ಮಾಡುತ್ತ ಸುಮ್ನೆ ಹೊತ್ತು ಕಳೆಯಬೇಡಿ. ಎಲ್ಲೋ ಕೇಬಲ್ ತುಂಡಾಗಿದೆ ಅಥವಾ ಕಳಚಿಕೊಂಡಿದೆ. ರಸ್ತೆ ಅಗೆಯುವ ದಿನಗಳಲ್ಲಿ ಇದು ಮಾಮೂಲು. ಲೈನ್‌ಮನ್‌ಗೆ ಮರಾಠಿಯಲ್ಲಿ "ಲಾಲ್ ಲೈಟ್ ಲಾಗಲಿ ಆಹೇ, ವಾಯರ್ ತುಟಲಿ ಆಹೇ" (ಕೆಂಪು ದೀಪ ಹತ್ತಿದೆ, ವೈರ್ ತುಂಡಾಗಿದೆ) ಅನ್ನಿ. ಅವನಿಗೆ ಏಣಿ ಮತ್ತು ಕೇಬಲ್ ಜೋಡಿಸುವ ಮೆಷಿನ್ ತರಬೇಕೆಂದು ಗೊತ್ತಾಗುತ್ತದೆ.