ಶಿವರಾತ್ರಿಗೋ, ಶ್ರಾವಣಕ್ಕೋ? ಸೆರೆಂಗೆಟಿಯ ಹಿಂಡು ನೋಡಲು ಹೀಗೆ ಹೊರಡಿ

ಆಫ್ರಿಕಾ ಸಫಾರಿಯ ಜಾಹೀರಾತುಗಳಲ್ಲಿ ಯಾವಾಗಲೂ ಒಂದೇ ಚಿತ್ರ. ದಡದಿಂದ ನದಿಗೆ ಧುಮುಕುವ ನೂರಾರು ವೈಲ್ಡ್‌ಬೀಸ್ಟ್‌ಗಳು, ಕೆಳಗೆ ಬಾಯಿ ತೆರೆದ ಮೊಸಳೆ. ಅದನ್ನು ನೋಡಿಯೇ ನಾವೂ ಕೀನ್ಯಾದ ಮಸಾಯಿ ಮಾರಾದಲ್ಲಿ ಎರಡು ರಾತ್ರಿ ಬುಕ್ ಮಾಡಿದ್ದೆವು. ಎರಡೂ ದಿನ ಹಿಂಡು ದಡಕ್ಕೆ ಬಂತು, ನೀರು ಮೂಸಿತು, ವಾಪಸ್ ಹೋಯಿತು. ಮೂರನೇ ದಿನ ನಾವು ನೈರೋಬಿಯ ದಾರಿಯಲ್ಲಿದ್ದಾಗ ದಾಟಿತಂತೆ. ತಪ್ಪು ಹಿಂಡಿನದ್ದಲ್ಲ, ನಮ್ಮ ಲೆಕ್ಕದ್ದು.

ಮೊದಲು ಹುಲ್ಲಿನ ಲೆಕ್ಕ ತಿಳಿದುಕೊಳ್ಳಿ

ವೈಲ್ಡ್‌ಬೀಸ್ಟ್‌ಗಳ ಈ ವಲಸೆ ಇಂಥ ತಾರೀಖಿಗೆ ಶುರುವಾಗಿ ಇಂಥ ತಾರೀಖಿಗೆ ಮುಗಿಯುವ ಜಾತ್ರೆಯಲ್ಲ. ವರ್ಷವಿಡೀ ನಡೆಯುವ ಸುತ್ತು. ಟಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಸಾಯಿ ಮಾರಾ, ಎರಡೂ ಸೇರಿ ಒಂದೇ ದೊಡ್ಡ ಹುಲ್ಲುಗಾವಲು. ಅದರಲ್ಲಿ 13 ಲಕ್ಷದಷ್ಟು ವೈಲ್ಡ್‌ಬೀಸ್ಟ್, ಸುಮಾರು 2 ಲಕ್ಷ ಜೀಬ್ರಾ, ಜಿಂಕೆಯಂಥ ಗೆಜೆಲ್‌ಗಳು ಲಕ್ಷಗಟ್ಟಲೆ ಮಳೆಯ ಹಿಂದೆ ಸುತ್ತುತ್ತವೆ. ವೈಲ್ಡ್‌ಬೀಸ್ಟ್ ಅಂದರೆ ಜಿಂಕೆ, ಕೃಷ್ಣಮೃಗಗಳ ದೂರದ ನೆಂಟ. ನೋಡಲು ಮಾತ್ರ ದನದ ಕೊಂಬು, ಕುದುರೆಯ ಬಾಲ, ಹೋತದ ಗಡ್ಡ! ಸ್ವಾಹಿಲಿಯಲ್ಲಿ ಇದಕ್ಕೆ ನ್ಯೂಂಬು ಅನ್ನುತ್ತಾರೆ. ಡ್ರೈವರ್ ಬಾಯಲ್ಲಿ ದಿನಕ್ಕೆ ನೂರು ಸಲ ಕೇಳುತ್ತೀರಿ.

ದಕ್ಷಿಣದ ಬಯಲಿನ ಮಣ್ಣು ಜ್ವಾಲಾಮುಖಿಯ ಬೂದಿಯದ್ದು. ಅಲ್ಲಿನ ಹುಲ್ಲು ಗಿಡ್ಡ, ಆದರೆ ಕ್ಯಾಲ್ಸಿಯಂ, ರಂಜಕ ಜಾಸ್ತಿ. ಹಾಲೂಡಿಸುವ ತಾಯಂದಿರಿಗೆ ಅದೇ ಬೇಕು. ಮಳೆ ನಿಂತರೆ ಅಲ್ಲಿ ನೀರಿಲ್ಲ. ಉತ್ತರದಲ್ಲಿ ಮಾರಾ ನದಿ ಮಳೆಯಿಲ್ಲದ ಕಾಲದಲ್ಲೂ ಹರಿಯುತ್ತದೆ. ಅಲ್ಲಿಗೆ ಹೋಗಲೇಬೇಕು. ಮೇಯುವುದರಲ್ಲೂ ಒಂದು ಸರದಿ ಇದೆ. ಉದ್ದನೆಯ ಒರಟು ಹುಲ್ಲನ್ನು ಜೀಬ್ರಾ ಕತ್ತರಿಸುತ್ತದೆ, ಕೆಳಗಿನ ಎಲೆ ವೈಲ್ಡ್‌ಬೀಸ್ಟ್‌ಗೆ, ಆಮೇಲೆ ಚಿಗುರಿದ್ದು ಗೆಜೆಲ್‌ಗೆ.

ಇಷ್ಟು ದೊಡ್ಡ ಹಿಂಡು ಹಿಂದಿನಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. 1960ರ ದಶಕದ ಶುರುವಿನಲ್ಲಿ ಇದ್ದದ್ದು ಎರಡೂವರೆ ಲಕ್ಷದ ಆಸುಪಾಸು. ನಮ್ಮ ಕಡೆ ದೊಡ್ಡರೋಗ ಅಂತ ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಇವನ್ನೂ ಕೊಲ್ಲುತ್ತಿತ್ತು. ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನಲ್ಲೂ ರೋಗ ಹೋಯಿತು. ಹದಿನೈದು ವರ್ಷದಲ್ಲಿ ಹಿಂಡು ಐದು ಪಟ್ಟು ಬೆಳೆಯಿತು.

ಈಗ ತಿಂಗಳು ಆರಿಸಿ

ಇಂಗ್ಲಿಷ್ ತಿಂಗಳಿಗಿಂತ ನಮ್ಮ ಹಬ್ಬಗಳಿಂದ ನೆನಪಿಟ್ಟುಕೊಳ್ಳುವುದು ಸುಲಭ.

ಸಂಕ್ರಾಂತಿ ಕಳೆದು ಶಿವರಾತ್ರಿವರೆಗೆ ಹಿಂಡು ದಕ್ಷಿಣದ ಎಂಡೂಟು ಬಯಲಿನಲ್ಲಿರುತ್ತದೆ. ಇದು ಈಯುವ ಕಾಲ. ಹೆಚ್ಚಿನ ಮರಿಗಳು ಫೆಬ್ರವರಿಯ ಎರಡು ಮೂರು ವಾರದೊಳಗೆ ಹುಟ್ಟಿಬಿಡುತ್ತವೆ. ಲಕ್ಷಗಟ್ಟಲೆ ಮರಿ ಒಟ್ಟಿಗೇ ಬಂದರೆ ಸಿಂಹ, ಕತ್ತೆಕಿರುಬ ಎಷ್ಟು ಅಂತ ತಿನ್ನುತ್ತವೆ? ಅದೇ ಅವುಗಳ ಉಪಾಯ. ಹುಟ್ಟಿದ ಮರಿ ಕೆಲವೇ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ತಾಯಿಯ ಜೊತೆ ಓಡುತ್ತದೆ. ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯ ಕಾಲ. ಹುಲ್ಲು ಗಿಡ್ಡ, ಬಯಲು ಬಟಾಬಯಲು, ಬೇಟೆಗೆ ಚೀತಾ ಕೂಡ ಕಣ್ಣೆದುರೇ ಹೊರಡುತ್ತದೆ. ಕಾಯುವ ಸಂಕಟವೂ ಇಲ್ಲ.

ಏಪ್ರಿಲ್, ಮೇ ನಮ್ಮ ಮಕ್ಕಳಿಗೆ ಬೇಸಿಗೆ ರಜೆ. ಅಲ್ಲಿ ಮಾತ್ರ ದೊಡ್ಡ ಮಳೆಗಾಲ. ಹಿಂಡು ಸೆರೆಂಗೆಟಿಯ ನಡುಭಾಗ ದಾಟಿ ಪಶ್ಚಿಮಕ್ಕೆ ತಿರುಗುತ್ತಿರುತ್ತದೆ. ದರ ಕಡಿಮೆ, ರಸ್ತೆ ಕೆಸರು, ಕೆಲವು ಕ್ಯಾಂಪ್‌ಗಳಿಗೆ ಬೀಗ. ರಜೆ ಸಿಕ್ಕಿತು ಅಂತ ಸುಮ್ನೆ ಹೊರಡಬೇಡಿ.

ಜೂನ್ ಹೊತ್ತಿಗೆ ಗ್ರುಮೇಟಿ ನದಿಯ ಕಡೆ. ಆಷಾಢ, ಶ್ರಾವಣದಲ್ಲಿ ಮಾರಾ ನದಿ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಹಿಂಡು ಆ ನದಿಯನ್ನು ಹತ್ತಾರು ಸಲ ಅತ್ತಿಂದಿತ್ತ ದಾಟುತ್ತದೆ. ಒಂದೇ ಸಲ ದಾಟಿ ಮುಗಿಸುತ್ತದೆ ಅನ್ನುವುದು ತಪ್ಪು ಕಲ್ಪನೆ. ದಸರಾ ರಜೆ ಅಕ್ಟೋಬರ್ ಮೊದಲ ವಾರದಲ್ಲೇ ಬಂದರೆ ಮಕ್ಕಳಿರುವವರಿಗೆ ಅದೃಷ್ಟ. ದೀಪಾವಳಿ ಕಳೆದರೆ ಹೆಚ್ಚು ಪ್ರಾಣಿಗಳು ದಕ್ಷಿಣದ ದಾರಿ ಹಿಡಿದಿರುತ್ತವೆ.

ಮಳೆ ಹಿಂದೆ ಮುಂದೆ ಆದರೆ ಇದೆಲ್ಲ ಎರಡು ಮೂರು ವಾರ ಜರುಗುತ್ತದೆ. ತಾರೀಖು ಹಾಕಿ ಗ್ಯಾರಂಟಿ ಕೊಡುವ ಏಜೆಂಟರನ್ನು ನಂಬಬೇಡಿ.

ಯಾವ ದೇಶ, ಎಷ್ಟು ರಾತ್ರಿ

ಈಯುವ ಕಾಲವಾದರೆ ಟಾಂಜಾನಿಯಾ ಮಾತ್ರ. ಕಿಲಿಮಂಜಾರೊ ವಿಮಾನ ನಿಲ್ದಾಣದಲ್ಲಿ ಇಳಿದು, ಅರುಷಾ ಊರಿಂದ ಗೊರೊಂಗೊರೊ ರಕ್ಷಿತ ಪ್ರದೇಶದ ಮೂಲಕ ಹೋಗಬೇಕು. ನದಿ ದಾಟುವುದನ್ನು ನೋಡಲು ಎರಡು ದಾರಿ: ಕೀನ್ಯಾದ ಮಾರಾ, ಇಲ್ಲವೇ ಉತ್ತರ ಸೆರೆಂಗೆಟಿಯ ಕೊಗಟೆಂಡೆ. ಮಾರಾ ಸುಲಭ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ, ಅಲ್ಲಿಂದ ನಾರೊಕ್ ಊರಿನ ಮೇಲೆ ಐದಾರು ಗಂಟೆ ರಸ್ತೆ. ಆದರೆ ಗಾಡಿಗಳ ಗದ್ದಲ ಜಾಸ್ತಿ. ಕೊಗಟೆಂಡೆಯಲ್ಲಿ ಜನ ಕಡಿಮೆ, ಖರ್ಚು ಹೆಚ್ಚು. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ ಅನ್ನುವ ಆಟ ನಡೆಯುವುದಿಲ್ಲ. ಪ್ರಾಣಿಗಳಿಗೆ ಗಡಿ ಇಲ್ಲ, ನಮಗಿದೆ. ಇಸೆಬಾನಿಯಾ ಎಂಬ ಗಡಿ ಊರಿಗೆ ಸುತ್ತಿ ಬಳಸಿ ಹೋಗಿ ಮುದ್ರೆ ಒತ್ತಿಸಿಕೊಳ್ಳಬೇಕು.

ರಾತ್ರಿಗಳ ವಿಷಯಕ್ಕೆ ಬಂದರೆ, ಒಂದೇ ಜಾಗದಲ್ಲಿ ಕಡಿಮೆಯೆಂದರೆ ನಾಲ್ಕು. ಐದು ಊರು, ಐದು ರಾತ್ರಿ ಎಂಬ ಪ್ಯಾಕೇಜ್‌ನಲ್ಲಿ ನೀವು ನೋಡುವುದು ರಸ್ತೆಯನ್ನು. ಮಾರಾದಲ್ಲಿ ಜುಲೈಯಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ಪ್ರವೇಶ ಶುಲ್ಕವೇ ದಿನಕ್ಕೆ 200 ಡಾಲರ್. ಜನವರಿಯಿಂದ ಜೂನ್‌ವರೆಗೆ 100. ಪ್ಯಾಕೇಜ್ ಬೆಲೆಯಲ್ಲಿ ಇದು ಸೇರಿದೆಯಾ ಅಂತ ಬರವಣಿಗೆಯಲ್ಲೇ ಕೇಳಿ.

ಕಾಗದಪತ್ರ, ಸೂಜಿ

ಟಾಂಜಾನಿಯಾಕ್ಕೆ ಇ-ವೀಸಾ, ಕೀನ್ಯಾಕ್ಕೆ 2024ರಿಂದ ಇಟಿಎ, ಅಂದರೆ ಹೊರಡುವ ಮೊದಲೇ ಪಡೆಯುವ ಪ್ರಯಾಣದ ಅನುಮತಿ. ಎರಡೂ ಆನ್‌ಲೈನ್‌ನಲ್ಲೇ ಆಗುತ್ತದೆ. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರದಲ್ಲಿ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಅರವತ್ತು ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಟಿಕೆಟ್ ತೆಗೆಯುವ ಮೊದಲೇ ಡಾಕ್ಟರನ್ನು ಕೇಳಿ. ಮಲೇರಿಯಾ ಮಾತ್ರೆ ಬಗ್ಗೆಯೂ ಆಗಲೇ ಕೇಳಿಬಿಡಿ.

ಬ್ಯಾಗಿನಲ್ಲಿ ಏನಿರಲಿ

ಸ್ವೆಟರ್. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಹೋದರೆ ಬೆಳಗಿನ ಆರು ಗಂಟೆಗೆ ತೆರೆದ ಗಾಡಿಯಲ್ಲಿ ಹಲ್ಲು ಕಟಕಟ. ಮಾರಾ ಇರುವುದು 1,500 ಮೀಟರಿಗಿಂತ ಎತ್ತರದಲ್ಲಿ. ಆಮೇಲೆ ಬೈನಾಕ್ಯುಲರ್, ಒಬ್ಬೊಬ್ಬರಿಗೆ ಒಂದೊಂದು. ಒಂದನ್ನೇ ಹಂಚಿಕೊಂಡರೆ ಸಿಂಹಕ್ಕಿಂತ ಮೊದಲು ಮನೆಯವರ ಜಗಳ ನೋಡಬೇಕಾಗುತ್ತದೆ. ಚಿಕ್ಕ ವಿಮಾನದಲ್ಲಿ ಹೋಗುವುದಾದರೆ ಮೆತ್ತನೆಯ ಬ್ಯಾಗ್, ಸಾಮಾನ್ಯವಾಗಿ 15 ಕಿಲೋ ಮಿತಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಎರಡೂ ದೇಶದಲ್ಲಿ ನಿಷೇಧ. ಚಕ್ಕುಲಿ, ಕೋಡುಬಳೆ ಡಬ್ಬಿಯಲ್ಲಿ ತುಂಬಿ.

ಊಟದ ಚಿಂತೆ ಬೇಡ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆಯ ಬಿಳಿ ತಮ್ಮ. ರಾಗಿಗೆ ಅವರು ವಿಂಬಿ ಅನ್ನುತ್ತಾರೆ, ಗಂಜಿ ಮಾಡಿ ಕುಡಿಯುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾವೇ ಅಲ್ವಾ?

ದಡದಲ್ಲಿ

ಬೆಳಿಗ್ಗೆಯೇ ತಿಂಡಿ ಕಟ್ಟಿಸಿಕೊಂಡು ಹೊರಡಿ. ಹಿಂಡು ದಡದ ಮೇಲೆ ಸೇರುತ್ತಿದ್ದರೆ ಡ್ರೈವರ್ ದೂರದಲ್ಲೇ, ಮರದ ಮರೆಯಲ್ಲಿ ನಿಲ್ಲಿಸಲಿ. ಎಂಜಿನ್ ಆಫ್. ಮುಂದಿರುವ ಪ್ರಾಣಿ ನೀರಿಗಿಳಿಯುವ ತನಕ ಯಾರೂ ಕದಲಬಾರದು. ನಾವು ಹೋದಾಗ ಎರಡು ಗಾಡಿಗಳು ಒಳ್ಳೆಯ ಫೋಟೊಗಾಗಿ ಎದುರು ದಡದ ಅಂಚಿಗೇ ನುಗ್ಗಿದವು. ಹಿಂಡು ಹತ್ತಬೇಕಾದ ದಾರಿಯೇ ಮುಚ್ಚಿಹೋಯಿತು, ಅವು ತಿರುಗಿ ಓಡಿದವು. ನಿಮ್ಮ ಡ್ರೈವರ್‌ಗೆ ಹತ್ತಿರ ಹೋಗು ಅಂತ ಒತ್ತಾಯ ಮಾಡಬೇಡಿ. ಬೇಡ, ಇಲ್ಲೇ ಇರೋಣ ಅಂತ ನೀವೇ ಮೊದಲು ಹೇಳಿಬಿಟ್ಟರೆ ಅವರಿಗೂ ನಿರಾಳ.

ಒಂದು ಗಂಟೆ ಆಗಬಹುದು, ಐದು ಗಂಟೆಯೂ ಆಗಬಹುದು. ಆ ಹೊತ್ತಿನಲ್ಲಿ ನದಿ ನೋಡಿ. ಮರಳಿನ ಮೇಲೆ ಮೊಸಳೆ, ಮಡುವಿನಲ್ಲಿ ನೀರಾನೆ, ಮರದ ತುಂಬ ರಣಹದ್ದು. ಇಲ್ಲಿ ಮೊಸಳೆ ಬಾಯಿಗೆ ಸಿಕ್ಕವಕ್ಕಿಂತ ಮುಳುಗಿ, ತುಳಿತಕ್ಕೆ ಸಿಕ್ಕಿ ಸಾಯುವವೇ ಹೆಚ್ಚು, ವರ್ಷಕ್ಕೆ ಸರಾಸರಿ ಆರು ಸಾವಿರ. ಆ ಹೆಣಗಳೇ ನದಿಯ ಮೀನಿಗೆ, ಹದ್ದಿಗೆ ತಿಂಗಳುಗಟ್ಟಲೆ ಊಟ. ಮೂಳೆ ಕರಗಲು ವರ್ಷಗಳೇ ಬೇಕು.

ದಾಟಲು ಶುರುವಾದರೆ ಮೊದಲ ಐದು ನಿಮಿಷ ಕ್ಯಾಮೆರಾ ಕೆಳಗಿಡಿ. ಧೂಳು, ನೀರು, ಸಾವಿರ ಗಂಟಲಿನ ಗೊರಗೊರ ಸದ್ದು ಯಾವ ಫೋಟೊದಲ್ಲೂ ಬರುವುದಿಲ್ಲ.

ವಾಪಸ್ ಬರುವಾಗ ಹಳದಿ ಜ್ವರದ ಕಾರ್ಡ್ ಕೈಚೀಲದಲ್ಲೇ ಇರಲಿ. ಇಲ್ಲಿನ ಏರ್‌ಪೋರ್ಟ್‌ನಲ್ಲಿ ಅದನ್ನು ತೋರಿಸದೆ ಹೊರಗೆ ಬಿಡುವುದಿಲ್ಲ, ಆರು ದಿನದವರೆಗೂ ಕ್ವಾರಂಟೈನ್‌ನಲ್ಲಿ ಇಡಬಹುದು.