ಇಲ್ಲಿ ಎಲ್‌ಎಲ್‌ಬಿ, ಅಲ್ಲಿ ಬಾರ್: ನ್ಯೂಯಾರ್ಕಿನಲ್ಲಿ ವಕೀಲರಾಗುವುದು ಹೇಗೆ?

ನಮ್ಮಲ್ಲಿ ಎಲ್‌ಎಲ್‌ಬಿ ಮುಗಿಸಿದವರು ಮೊದಲು ವಕೀಲರ ಪರಿಷತ್ತಿನಲ್ಲಿ ಸನ್ನದು (ವಕೀಲಿಯ ಪರವಾನಗಿ) ಪಡೆದು, ಆಮೇಲೆ ದೇಶಕ್ಕೆಲ್ಲ ಒಂದೇ ಆದ ವಕೀಲರ ಪರೀಕ್ಷೆ ಎಐಬಿಇ ಬರೆಯುವುದು ರೂಢಿ. ಅಮೆರಿಕದಲ್ಲಿ ಇದು ಉಲ್ಟಾ. ಮೊದಲು ‘ಬಾರ್’ ಎಂಬ ವಕೀಲರ ಪರೀಕ್ಷೆ, ಆಮೇಲೆ ಸನ್ನದು. ಅದೂ ರಾಜ್ಯಕ್ಕೊಂದು ನಿಯಮ. ನ್ಯೂಯಾರ್ಕಿನ ಸನ್ನದು ಹಿಡಿದು ಟೆಕ್ಸಾಸ್ ಕೋರ್ಟಿಗೆ ಸುಮ್ನೆ ಹೋಗಿ ವಾದ ಮಾಡುವ ಹಾಗಿಲ್ಲ.

ಅಲ್ಲಿಯವರು ಪದವಿಯ ನಂತರ ಮೂರು ವರ್ಷದ ಜೆ.ಡಿ. ಎಂಬ ಕಾನೂನು ಪದವಿ ಮಾಡಿ ಪರೀಕ್ಷೆಗೆ ಕೂರುತ್ತಾರೆ. ಹೊರದೇಶದಲ್ಲಿ ಕಾನೂನು ಓದಿದವರು ಹೆಚ್ಚಾಗಿ ಹೋಗುವುದು ನ್ಯೂಯಾರ್ಕ್ ಅಥವಾ ಕ್ಯಾಲಿಫೋರ್ನಿಯಾಕ್ಕೆ. ನಮ್ಮಲ್ಲಿ ಈಗಾಗಲೇ ಸನ್ನದು ಪಡೆದು ವಕೀಲಿ ಮಾಡುತ್ತಿರುವವರಿಗೆ ಕ್ಯಾಲಿಫೋರ್ನಿಯಾ ಮತ್ತೆ ಓದು ಕೇಳುವುದಿಲ್ಲ. ನೇರವಾಗಿ ಪರೀಕ್ಷೆ ಬರೆಯಬಹುದು. ನ್ಯೂಯಾರ್ಕಿನ ದಾರಿ ಸ್ವಲ್ಪ ಸುತ್ತು, ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಾಗದಪತ್ರ

ಅಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಲು ಲಕ್ಷಾಂತರ ರೂಪಾಯಿ ಸಾಲ ಮಾಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪದವಿ ಸಾಲುತ್ತದೆಯೇ ಎಂದು ನ್ಯೂಯಾರ್ಕಿನ ಬಾರ್ ಪರೀಕ್ಷಾ ಮಂಡಳಿಯನ್ನೇ ಕೇಳಿ. ಇದಕ್ಕೆ ಆನ್‌ಲೈನ್ ಅರ್ಜಿ ಇದೆ. ಅವರು ನೋಡುವುದು ಮುಖ್ಯವಾಗಿ ಎರಡು: ಓದಿನ ಅವಧಿ ಅಲ್ಲಿಯ ಮೂರು ವರ್ಷಕ್ಕೆ ಸಮವೇ, ನೀವು ಓದಿದ ದೇಶದ ಕಾನೂನು ಇಂಗ್ಲಿಷ್ ಕಾಮನ್ ಲಾ (ಹಿಂದಿನ ತೀರ್ಪುಗಳನ್ನು ಆಧರಿಸಿದ ಕಾನೂನು ಪದ್ಧತಿ) ಬೇರಿನದೇ? ಎರಡನೆಯದರಲ್ಲಿ ನಮಗೆ ತೊಂದರೆ ಇಲ್ಲ. ಅವಧಿಯೂ ಸರಿಯಿದ್ದರೆ ಎಲ್‌ಎಲ್‌ಎಂ ಇಲ್ಲದೆಯೇ ಪರೀಕ್ಷೆಗೆ ಅವಕಾಶ ಸಿಗಬಹುದು. ಇದು ಗೊತ್ತಿಲ್ಲದೆ ಹಣ ಕಟ್ಟಿದವರು ಇದ್ದಾರೆ.

ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಮಂಡಳಿಗೆ ಹೋಗಬೇಕು. ನಿಮ್ಮ ಹತ್ತಿರ ಇರುವ ಅಂಕಪಟ್ಟಿಯ ಜೆರಾಕ್ಸ್ ನಡೆಯುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗದ ಕಿಟಕಿ ಮುಂದೆ ನಿಂತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ರಾಜ್ಯ ಕಾನೂನು ವಿಶ್ವವಿದ್ಯಾಲಯವಿರುವ ಹುಬ್ಬಳ್ಳಿಗೆ ಎರಡು ಸಲ ಓಡಾಡಬೇಕಾದೀತು ಎಂದೇ ಲೆಕ್ಕ ಹಾಕಿ. ನ್ಯೂಯಾರ್ಕಿನ ಪರಿಶೀಲನೆಗೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ವರ್ಷ ಮೊದಲೇ ಶುರು ಮಾಡಿದರೆ ಕ್ಷೇಮ.

ಕೊರತೆ ಬಿದ್ದರೆ ಎಲ್‌ಎಲ್‌ಎಂ

ಅವಧಿ ಸಾಲದು ಎಂದು ಉತ್ತರ ಬಂದರೆ 24 ಕ್ರೆಡಿಟ್‌ಗಳ ಎಲ್‌ಎಲ್‌ಎಂ ಮಾಡಿ ತುಂಬಿಕೊಳ್ಳಬಹುದು. ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಇರುವ ಕಾಲೇಜೇ ಆಗಬೇಕು, ಅಲ್ಲೇ ಕೂತು ಓದಬೇಕು. ವೃತ್ತಿ ನೀತಿ, ಕಾನೂನು ಬರವಣಿಗೆಯಂಥ ಕೆಲವು ವಿಷಯ ಕಡ್ಡಾಯ. ಸೇರುವಾಗಲೇ ಕೇಳಿಕೊಳ್ಳಿ, ಎಲ್ಲ ಎಲ್‌ಎಲ್‌ಎಂ ಇದಕ್ಕೆ ಒಗ್ಗುವುದಿಲ್ಲ.

ಪರೀಕ್ಷೆ

ಫೆಬ್ರವರಿ, ಜುಲೈ ಕೊನೆಯಲ್ಲಿ, ಎರಡು ದಿನ. ಒಂದು ದಿನ 6 ಪ್ರಬಂಧ, ಜೊತೆಗೆ ತಲಾ 90 ನಿಮಿಷದ 2 ಪ್ರಾಯೋಗಿಕ ಕೆಲಸ. ಕಡತ ಕೊಟ್ಟು ‘ಇದಕ್ಕೊಂದು ಟಿಪ್ಪಣಿ ಬರೆ’ ಅನ್ನುತ್ತಾರೆ, ಥೇಟ್ ಸೀನಿಯರ್ ಹೇಳಿದ ಹಾಗೆ. ಇನ್ನೊಂದು ದಿನ 200 ಬಹು ಆಯ್ಕೆ ಪ್ರಶ್ನೆ. ಒಟ್ಟು 400ಕ್ಕೆ 266 ಬೇಕು. ಎಐಬಿಇಯಂತೆ ಬೇರ್ ಆಕ್ಟ್ (ಟಿಪ್ಪಣಿಯಿಲ್ಲದ ಕಾಯ್ದೆಯ ಪುಸ್ತಕ) ಒಯ್ಯುವ ಹಾಗಿಲ್ಲ, ಎಲ್ಲ ತಲೆಯಲ್ಲೇ ಇರಬೇಕು. ಕಾಂಟ್ರ್ಯಾಕ್ಟ್ (ಕರಾರು), ಟಾರ್ಟ್ (ಹಾನಿಗೆ ಪರಿಹಾರದ ಕಾನೂನು) ನಮಗೆ ಪರಿಚಿತ ಅನಿಸುತ್ತವೆ. ಆಸ್ತಿ ಕಾನೂನು ಮತ್ತು ಫೆಡರಲ್ ಸಿವಿಲ್ ಪ್ರೊಸೀಜರ್ (ಕೇಂದ್ರ ಕೋರ್ಟುಗಳ ಸಿವಿಲ್ ಪ್ರಕ್ರಿಯೆ) ಮಾತ್ರ ಬೆವರಿಳಿಸುತ್ತವೆ. ಹೊರದೇಶದಲ್ಲಿ ಓದಿದವರಿಗೆ ಶುಲ್ಕ 750 ಡಾಲರ್, ಅಲ್ಲಿ ಓದಿದವರಿಗೆ 250. 2028ರ ಜುಲೈನಿಂದ ನ್ಯೂಯಾರ್ಕ್ ‘ನೆಕ್ಸ್ಟ್‌ಜೆನ್’ ಎಂಬ ಹೊಸ ಮಾದರಿಗೆ ಹೋಗಲಿದೆ. ಹಳೆಯ ಗೈಡ್ ಕೊಳ್ಳುವಾಗ ಇದು ನೆನಪಿರಲಿ.

ಪಾಸಾದ ಮೇಲೂ

ವೃತ್ತಿ ನೀತಿಯ ಮೇಲೆ ಎಂಪಿಆರ್‌ಇ ಅಂತ 60 ಪ್ರಶ್ನೆಯ ಬೇರೆ ಪರೀಕ್ಷೆ ಇದೆ, ನ್ಯೂಯಾರ್ಕಿಗೆ 85 ಅಂಕ ಬೇಕು. ರಾಜ್ಯದ ಕಾನೂನಿನ ಮೇಲೆ 50 ಪ್ರಶ್ನೆಯ ಆನ್‌ಲೈನ್ ಪರೀಕ್ಷೆ ಇನ್ನೊಂದು. ಇದು ಪುಸ್ತಕ ನೋಡಿ ಬರೆಯುವಂಥದ್ದು, 30 ಸರಿಯಾದರೆ ಸಾಕು. ಜೊತೆಗೆ 50 ಗಂಟೆ ಉಚಿತ ಕಾನೂನು ಸೇವೆ ಮಾಡಿದ ದಾಖಲೆ, ವೃತ್ತಿ ಕೌಶಲದ ಪುರಾವೆ. ನಮ್ಮಲ್ಲಿ ಒಂದು ವರ್ಷ ಪೂರ್ಣಾವಧಿ ವಕೀಲಿ ಮಾಡಿದ ಅನುಭವ ಈ ಕೊನೆಯದಕ್ಕೆ ಉಪಯೋಗಕ್ಕೆ ಬರುತ್ತದೆ. ನಡತೆಯ ವಿಚಾರಣೆಯೂ ಇದೆ. ಹಳೆಯ ಕೇಸು, ಸಾಲ ಏನಿದ್ದರೂ ಬರೆದುಬಿಡಿ. ಮುಚ್ಚಿಟ್ಟದ್ದು ಸಿಕ್ಕಿದರೆ ಅದೇ ಜಾಸ್ತಿ ತೊಂದರೆ. ಇಷ್ಟೆಲ್ಲ ಮುಗಿಸಿ ಪರೀಕ್ಷೆಯಾದ ಮೂರು ವರ್ಷದೊಳಗೆ ಸನ್ನದಿಗೆ ಅರ್ಜಿ ಹಾಕಬೇಕು.

ಇದಕ್ಕೆ ಅಮೆರಿಕದ ಪೌರತ್ವ ಬೇಕಿಲ್ಲ, ಅಲ್ಲೇ ವಾಸವಿರಬೇಕೆಂದೂ ಇಲ್ಲ. ಆದರೆ ಅಲ್ಲಿ ಕೆಲಸ ಮಾಡುವ ವೀಸಾ ಸನ್ನದಿನ ಜೊತೆ ಬರುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಸಾಲು.