ಚಳಿಗೆ ಸ್ಟಾರ್ಟ್ ಆಗದ, ನಿಂತಲ್ಲಿ ಆಫ್ ಆಗುವ ಹಳೇ ಕಾರು

ಹಳೇ ಕಾರು ನಿಂತಲ್ಲಿ ಆಫ್ ಆಗುತ್ತದೆ ಅಂದರೆ ಸಾಕು, ಸುಮಾರು ಗ್ಯಾರೇಜುಗಳಲ್ಲಿ ಮೊದಲು ಕೈ ಹೋಗುವುದೇ ಸ್ಲೋ ಸ್ಕ್ರೂಗೆ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗ (ಸ್ಲೋನಲ್ಲಿ) ಇಂಜಿನ್ ತಿರುಗುವ ವೇಗ ಹೊಂದಿಸುವ ಸ್ಕ್ರೂಗೆ. ಒಂದು ಸುತ್ತು ತಿರುಗಿಸಿ ಆರ್‌ಪಿಎಂ ಏರಿಸಿ ಕಳಿಸುತ್ತಾರೆ. ಅದರಿಂದ ರೋಗ ವಾಸಿಯಾಗುವುದಿಲ್ಲ, ಕಾಣದ ಹಾಗೆ ಮುಚ್ಚಿಹೋಗುತ್ತದೆ ಅಷ್ಟೆ. ನನ್ನ ಗಾಡಿಗೂ ಹಾಗೇ ಮಾಡಿ ಕೊಟ್ಟಿದ್ದರು.

1990ರ ದಶಕದ ಕಾರು. ಮೂರು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್, ಚಳಿಯಲ್ಲಿ ಅದರ ಗಾಳಿ ತಡೆಯಲು ಕೈಯಲ್ಲಿ ಎಳೆಯುವ ಚೋಕ್. ಮೂಡಿಗೆರೆ ಕಡೆ ಡಿಸೆಂಬರ್ ಬೆಳಗಿನ ಚಳಿ ಗೊತ್ತಲ್ವಾ? ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸುಸ್ತಾಗುತ್ತಿತ್ತು. ಹೇಗೋ ಸ್ಟಾರ್ಟ್ ಆದರೂ ಚೋಕ್ ಒಳಗೆ ತಳ್ಳಿದ ಕೂಡಲೇ ಆಫ್. ಬಿಸಿಯಾದ ಮೇಲೂ ಸರ್ಕಲ್‌ನಲ್ಲಿ ನಿಂತರೆ ಗಡಗಡ ನಡುಕ. ಆದರೆ ರಸ್ತೆಯಲ್ಲಿ ಓಡುವಾಗ ಒಂದು ಚೂರೂ ತೊಂದರೆ ಇಲ್ಲ.

ಈ ಕೊನೆಯ ಮಾತೇ ನನಗೆ ದೊಡ್ಡ ಸುಳಿವು. ಓಡುವಾಗ ಚೆನ್ನಾಗಿದೆ ಅಂದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ), ಪೆಟ್ರೋಲ್ ಪಂಪ್, ಮೇನ್ ಜೆಟ್ (ಓಡುವಾಗ ಪೆಟ್ರೋಲ್ ಬಿಡುವ ಕಾರ್ಬುರೇಟರಿನ ತೂತು) ಇವೆಲ್ಲ ಹೆಚ್ಚುಕಮ್ಮಿ ಸರಿ ಇವೆ.

ಆದರೂ ಸುಲಭದ್ದನ್ನು ಮೊದಲು ನೋಡಿ ಮುಗಿಸಿದೆ. ರಾತ್ರಿಯಿಡೀ ನಿಂತ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟಿನ ಹತ್ತಿರ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ತುಂಬಾ ಕೆಳಗೆ ಬಿದ್ದರೆ ಬ್ಯಾಟರಿಯನ್ನೋ ಟರ್ಮಿನಲ್ಲನ್ನೋ ಅನುಮಾನಿಸಬೇಕು. ನನ್ನದು ಸರಿ ಇತ್ತು. ಆಮೇಲೆ ಕತ್ತಲಾದ ಮೇಲೆ ಬಾನೆಟ್ ಎತ್ತಿ, ಇಂಜಿನ್ ಸ್ಟಾರ್ಟ್ ಮಾಡಿ, ಪ್ಲಗ್ ವೈರುಗಳ ಮೇಲೆ ತೆಳ್ಳಗೆ ನೀರು ಸ್ಪ್ರೇ ಮಾಡಿ ದೂರ ನಿಂತು ನೋಡಿದೆ. ಕರೆಂಟ್ ಲೀಕ್ ಇದ್ದರೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಪರೀಕ್ಷೆ ಬಿಡಬಾರದು, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೂ ತೇವ ಕೂರುತ್ತದೆ. ನನ್ನ ಗಾಡಿಯಲ್ಲಿ ಕಿಡಿ ಕಾಣಲಿಲ್ಲ. ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗಿತ್ತು. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ ಅಂತ ಅರ್ಥ. ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ.

ಅದನ್ನು ಖಚಿತ ಮಾಡಿಕೊಳ್ಳಲು ಅಂಗೈ ಸಾಕು. ಇಂಜಿನ್ ಬಿಸಿ ಮಾಡಿ, ಏರ್ ಫಿಲ್ಟರ್ ತೆಗೆದು, ಸ್ಲೋನಲ್ಲಿ ನಡುಗುತ್ತಿರುವಾಗ ಕಾರ್ಬುರೇಟರಿನ ಬಾಯಿಯನ್ನು ಅಂಗೈಯಿಂದ ನಿಧಾನಕ್ಕೆ ಅರ್ಧ ಮುಚ್ಚಿದೆ. ಬೆರಳಿಗೆ ತಣ್ಣನೆ ಎಳೆತ ಸಿಕ್ಕಿತು, ಅದರ ಹಿಂದೆಯೇ ನಡುಕ ನಿಂತು ಇಂಜಿನ್ ನಯವಾಯಿತು. ಪೆಟ್ರೋಲ್ ಜಾಸ್ತಿ ಇದ್ದಿದ್ದರೆ ಉಸಿರು ಕಟ್ಟಿ ಆಫ್ ಆಗುತ್ತಿತ್ತು.

ಪೆಟ್ರೋಲ್ ಕಮ್ಮಿಯಾಗಲು ಎರಡು ದಾರಿ. ಒಂದು, ಸ್ಲೋ ಜೆಟ್ (ಸ್ಲೋನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿರಬೇಕು. ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿರಬೇಕು. ಸ್ಲೋನಲ್ಲಿ ಬರುವ ಪೆಟ್ರೋಲನ್ನು ಹೆಚ್ಚುಕಮ್ಮಿ ಮಾಡುವ ಮಿಕ್ಸ್ಚರ್ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿದೆ, ಇಂಜಿನ್ ಆಫ್ ಆಯಿತು. ಅಂದರೆ ಆ ದಾರಿಯಲ್ಲಿ ಪೆಟ್ರೋಲ್ ಬರುತ್ತಿದೆ. ಜೆಟ್ ಕಟ್ಟಿದ್ದರೆ ಸ್ಕ್ರೂ ತಿರುಗಿಸಿದರೂ ಏನೂ ಆಗುತ್ತಿರಲಿಲ್ಲ. ಉಳಿದದ್ದು ಕಳ್ಳಗಾಳಿ. ಸ್ಲೋನಲ್ಲಿ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ತಗಡು) ಬಹುಪಾಲು ಮುಚ್ಚಿರುತ್ತದೆ, ಮ್ಯಾನಿಫೋಲ್ಡಿನ (ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಹೋಗುವ ಕೊಳವೆಯ) ಎಳೆತ ಜೋರಾಗಿರುತ್ತದೆ. ಇಂಜಿನ್ ಕುಡಿಯುವ ಒಟ್ಟು ಗಾಳಿಯೇ ಕಮ್ಮಿ, ಅದರಲ್ಲಿ ಸಣ್ಣ ಸಂದಿಯ ಗಾಳಿಯೂ ದೊಡ್ಡ ಪಾಲು. ಆಕ್ಸಿಲರೇಟರ್ ಒತ್ತಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಓಡುವಾಗ ತೊಂದರೆ ಕಾಣದಿದ್ದದ್ದು ಅದಕ್ಕೇ.

ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಒತ್ತಿ ಹಿಡಿದು ನೋಡಿದೆ, ವ್ಯತ್ಯಾಸ ಇಲ್ಲ. ಕಾರ್ಬುರೇಟರ್ ಬುಡಕ್ಕೆ ಚೂರು ಕ್ಲೀನರ್ ಸ್ಪ್ರೇ ಬಿಟ್ಟ ಕೂಡಲೇ ಇಂಜಿನ್ ಸದ್ದು ಬದಲಾಯಿತು. ಅಂದರೆ ಸ್ಪ್ರೇಯನ್ನು ಒಳಗೆ ಎಳೆದ ಸಂದಿ ಅಲ್ಲೇ ಇದೆ. (ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಅಳತೆ ಮೀರಿ ಹೊಡೆಯಬೇಡಿ.) ಬಿಚ್ಚಿ ನೋಡಿದರೆ ಹಿಂದಿನ ಸರ್ವಿಸ್‌ನಲ್ಲಿ ಬುಡದ ಸಂದಿ ಮುಚ್ಚುವ ಹಳೇ ಪ್ಯಾಕಿಂಗನ್ನೇ ವಾಪಸ್ ಕೂರಿಸಿದ್ದರು. ಒಂದು ಕಡೆ ಹರಿದು, ಅಂಚು ಒಣಗಿ ಪುಡಿಯಾಗಿತ್ತು. ಹೊಸದು ಹಾಕುವ ಮೊದಲು ಸ್ಟೀಲ್ ಸ್ಕೇಲ್ ಇಟ್ಟು ಬುಡ ಸಪಾಟಾಗಿದೆಯಾ ಎಂದು ನೋಡಿದೆ. ನಟ್ಟುಗಳನ್ನು ಸರದಿ ಮೇಲೆ, ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆ. ಒಂದೇ ಕಡೆ ಎಳೆದರೆ ಬುಡವೇ ಸೊಟ್ಟಗಾಗುತ್ತದೆ.

ನಡುಕ ಹೋಯಿತು. ಬೆಳಗಿನ ಸ್ಟಾರ್ಟ್ ಸುಧಾರಿಸಿದರೂ ಪೂರ್ತಿ ಸರಿಯಾಗಲಿಲ್ಲ. ಪೆಟ್ರೋಲ್ ಆವಿಯಾದರೆ ಮಾತ್ರ ಹತ್ತುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಒಂದಷ್ಟು ಪಾಲು ಮ್ಯಾನಿಫೋಲ್ಡ್ ಗೋಡೆಗೇ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬುವುದಕ್ಕೇ ಚೋಕ್ ಇರುವುದು. ಮಗನಿಗೆ ಚೋಕ್ ಎಳೆಯಲು ಹೇಳಿ ನಾನು ಮೇಲಿನಿಂದ ನೋಡಿದೆ. ನಾಬ್ ಪೂರ್ತಿ ಹೊರಗೆ ಬಂದರೂ ಕಾರ್ಬುರೇಟರ್ ಬಾಯಿಯ ಚೋಕ್ ತಗಡು ಪೂರ್ತಿ ಮುಚ್ಚುತ್ತಿರಲಿಲ್ಲ. ಕೇಬಲ್ ಹಿಡಿಯುವ ಕ್ಲಿಪ್ ಸಡಿಲವಾಗಿ ಹೊರಗಿನ ಕವಚವೇ ಜಾರುತ್ತಿತ್ತು. ಸ್ಕ್ರೂಡ್ರೈವರ್ ಒಂದರಲ್ಲೇ ಕೆಲಸ ಮುಗಿಯಿತು.

ಇಷ್ಟಾದ ಮೇಲೆ ಸ್ಲೋ ಸ್ಕ್ರೂ ಮುಟ್ಟಿದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿ, ಏರ್ ಫಿಲ್ಟರ್ ಕೂರಿಸಿ, ಏರಿಸಿಟ್ಟಿದ್ದನ್ನು 850-900 ಆರ್‌ಪಿಎಂಗೆ ಇಳಿಸಿದೆ.

ನಾಲ್ಕೈದು ದಿನ ನಿಲ್ಲಿಸಿದರೆ ಈಗಲೂ ಒಂದೇ ಸೆಲ್ಫಿಗೆ ಹತ್ತುವುದಿಲ್ಲ. ಅದು ರೋಗ ಅಲ್ಲ. ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ, ಪಂಪ್ ತಿರುಗುವುದೋ ಇಂಜಿನ್ ಜೊತೆಗೇ. ಒಮ್ಮೆಗೆ ಐದಾರು ಸೆಕೆಂಡ್ ಹೊಡೆದು, ಅರ್ಧ ನಿಮಿಷ ಬಿಟ್ಟು, ಮತ್ತೆ ಹೊಡೆಯುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪುಗಳನ್ನು ಮಾತ್ರ ಪೂರ್ತಿ ಬದಲಾಯಿಸಿಬಿಟ್ಟೆ.